ಧಾತು–ಈಶ್ವರ ಬರದಲ್ಲಿ ಕೂಲಿಯ ವಿಚಾರ

ಸರ್ಕಾರದವರು ಬಡವರಿಗೆ ಅನ್ನವನ್ನೋ ಹಣವನ್ನೋ ಕೊಡತೊಡಗಿದರೆ ಕೂಲಿಗೆ ಬರುವವರೇ ಇಲ್ಲವಾಗುವರೆಂಬ ಮಾತು ಹೊಸದಲ್ಲ. 2005ನೆಯ ಇಸವಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಶಾಸನವಾದ ಮೇಲೆಯೂ, ಬಿತ್ತನೆ ಕುಯ್ಲುಗಳ ಕಾಲಕ್ಕೆ ಆಳು ಸಿಕ್ಕದೆಂಬ ದೂರು ದೇಶದ ಹಲವೆಡೆ ಕೇಳಿಬಂದಿತು. ಆದರೆ ಈ ತರ್ಕವೇ ರಾಜನೀತಿಯಾಗಿ ನಿಂತು, ಕೂಲಿಯ ಪ್ರಮಾಣವನ್ನು ತೊಲ ಕಾಸುಗಳ ಲೆಕ್ಕದಲ್ಲಿ ಗೊತ್ತುಮಾಡಿ, ಅದರ ಫಲವು ಜನಗಣತಿಯ ಪುಸ್ತಕಗಳಲ್ಲಿ ಅಳಿಸಲಾಗದಂತೆ ದಾಖಲೆಯಾದ ಸಂದರ್ಭವೊಂದು ಕನ್ನಡನಾಡಿನ ಚರಿತ್ರೆಯಲ್ಲಿಯೇ ಇರುವುದು. ಅದು 1876ರಿಂದ 1878ರ ವರೆಗೆ ದಕ್ಷಿಣದೇಶವನ್ನು ಸುಟ್ಟ ಮಹಾಕ್ಷಾಮ. ಅದು ವ್ಯಾಪಿಸಿದ ಎರಡು ಸಂವತ್ಸರಗಳ ಹೆಸರಿನಿಂದ ಮೈಸೂರು ಸೀಮೆಯವರು ಅದನ್ನು ಧಾತು ಈಶ್ವರದ ಬರವೆಂದು ಕರೆದರು. ಆ ಬರದಲ್ಲಿ ಜನರು ಅನ್ನವಿಲ್ಲದೆ ಸತ್ತುದು ಎಲ್ಲರೂ ಬಲ್ಲ ಸಂಗತಿ. ಸರ್ಕಾರದ ಕಾಮಗಾರಿಗಳಲ್ಲಿ ಮಣ್ಣು ಹೊತ್ತು ಕೂಲಿಯನ್ನು ಪಡೆಯುತ್ತಿದ್ದವರೂ ಸೊರಗಿ ಸತ್ತರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆ ಕೂಲಿಯನ್ನು ತೂಗಿ ನೋಡುವುದಕ್ಕೆ ಮೊದಲು ಒಂದು ಶಬ್ದವಿಚಾರ ಆವಶ್ಯಕ. ಪ್ರಾಚೀನ ಶಾಸ್ತ್ರಕಾರರು ಆಳಿಗೆ ಸಲ್ಲತಕ್ಕುದನ್ನು ಎರಡಾಗಿ ವಿಭಾಗಿಸಿ ಭಕ್ತವೆಂದೂ ವೇತನವೆಂದೂ ಹೇಳಿರುವರು. ಭಕ್ತವೆಂದರೆ ಉಣ್ಣುವ ಕಾಳು. ವೇತನವೆಂದರೆ ಕೈಗೆ ಬರುವ ನಾಣ್ಯ. ಕೌಟಿಲ್ಯನು ಸೀತಾಧ್ಯಕ್ಷನ ಪ್ರಕರಣದಲ್ಲಿ ರಾಜನ ಹೊಲತೋಟಗಳಲ್ಲಿ ದುಡಿಯುವ ಕಾವಲುಗಾರರು, ಗೋವಳರು, ದಾಸರು, ಕರ್ಮಕರರು ಇವರಿಗೆ ಭಕ್ತವನ್ನೂ, ಅದರ ಮೇಲೆ ತಿಂಗಳಿಗೆ ಒಂದೂಕಾಲು ಪಣದ ವೇತನವನ್ನೂ ವಿಧಿಸಿದ್ದಾನೆ. ಭಕ್ತದ ಪ್ರಮಾಣವೆಷ್ಟೆಂಬುದಕ್ಕೆ ಅವನು ಬಳಸಿದ ಪದ ‘ಯಥಾಪುರುಷಪರಿವಾಪಂ’ ಎಂಬುದು. 1909ರಲ್ಲಿ ಮೈಸೂರಿನಿಂದ ಅರ್ಥಶಾಸ್ತ್ರವನ್ನು ಮೊದಲು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳು ತಮ್ಮ ಇಂಗ್ಲಿಷ್ ಭಾಷಾಂತರದಲ್ಲಿ ಇದಕ್ಕೆ ಮಾಡಿದ ಕೆಲಸಕ್ಕೆ ತಕ್ಕಂತೆ ಎಂದು ಅರ್ಥಮಾಡಿದರು. ತರುವಾಯ 1960ರ ದಶಕದಲ್ಲಿ ಪಾಠಪರಿಷ್ಕರಣವನ್ನೂ ಭಾಷಾಂತರವನ್ನೂ ಹೊರತಂದ ಆರ್. ಪಿ. ಕಾಂಗ್ಲೆಯವರು ಆಳನ್ನು ಆಶ್ರಯಿಸಿದ ಜನರ ಸಂಖ್ಯೆಗೆ ತಕ್ಕಂತೆ ಎಂದು ತೆಗೆದುಕೊಂಡರು. ಪರಿವಾಪವೆಂಬುದು ಪರಿವಾರವನ್ನು ಸೂಚಿಸುವುದೆಂದು ಕೊಂಡರೆ ಎರಡನೆಯ ಅರ್ಥವೇ ಪದಕ್ಕೆ ಹತ್ತಿರವಾದುದು. ಇದು ಕೇವಲ ವೈಯಾಕರಣರ ಜಗಳವಲ್ಲ. ಅನ್ನವನ್ನು ಕೆಲಸಕ್ಕೆ ತಕ್ಕಂತೆ ಅಳೆಯಬೇಕೋ ಮನೆಯಲ್ಲಿ ಉಣ್ಣುವ ಬಾಯಿಗಳಿಗೆ ತಕ್ಕಂತೆ ಅಳೆಯಬೇಕೋ ಎಂಬ ಪ್ರಶ್ನೆಯ ಮೇಲೆಯೇ ಮುಂದೆ ದೊಡ್ಡ ದೊಡ್ಡ ಸರ್ಕಾರಗಳು ಎಡವಿದುವು. ಅದೇ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ದುರ್ಭಿಕ್ಷ ಬಂದಾಗ ರಾಜನು ಬೀಜವನ್ನೂ ಅನ್ನವನ್ನೂ ಕೊಟ್ಟು ಪ್ರಜೆಗಳನ್ನು ಅನುಗ್ರಹಿಸಬೇಕೆಂದೂ, ಇಲ್ಲವೆ ಅನ್ನವನ್ನು ಕೊಟ್ಟು ಕೋಟೆ ಕಟ್ಟೆಗಳ ಕೆಲಸವನ್ನು ಮಾಡಿಸಬೇಕೆಂದೂ ಹೇಳಿದೆ. ಬರದ ಕಾಮಗಾರಿಯು ಆಂಗ್ಲೇಯರ ಉಪಜ್ಞೆಯೆಂದು ಹೇಳುವವರು ಈ ಸ್ಥಳವನ್ನು ನೋಡಬಹುದು. ಧಾತು ಸಂವತ್ಸರದಲ್ಲಿ ಆ ಗ್ರಂಥವು ಇನ್ನೂ ತಾಳೆಯೋಲೆಗಳಲ್ಲಿಯೇ ಅಡಗಿದ್ದಿತು.

ಅಂದು ಈ ದೇಶವನ್ನು ಆಳಿದವರ ಮನಸ್ಸಿನಲ್ಲಿ ನೆಲಸಿದ್ದ ಶಾಸ್ತ್ರವೇ ಬೇರೆ. ಅದು ಹುಟ್ಟಿದ್ದು ಇಂಗ್ಲೆಂಡಿನ ಹಳ್ಳಿಗಳಲ್ಲಿ. 1795ನೆಯ ಇಸವಿ ಮೇ ತಿಂಗಳ 6ನೆಯ ತಾರೀಖು ಬರ್ಕ್‌ಷೈರ್ ಸೀಮೆಯ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲೆಂಡ್ ಎಂಬಲ್ಲಿನ ಪೆಲಿಕನ್ ಎಂಬ ಛತ್ರದಲ್ಲಿ ಸಭೆ ಸೇರಿದರು. ಧಾನ್ಯದ ಬೆಲೆ ಏರಿತ್ತು, ಕೂಲಿ ಏರಿರಲಿಲ್ಲ. ಕೂಲಿಯನ್ನು ಶಾಸನದಿಂದ ಏರಿಸುವ ಅಧಿಕಾರವು ಹಳೆಯ ಕಾಯಿದೆಗಳ ಮೇರೆಗೆ ಅವರಿಗೆ ಇದ್ದರೂ ಅದನ್ನು ಅವರು ಉಪಯೋಗಿಸಲಿಲ್ಲ. ಬದಲಾಗಿ, 8 ರಾತ್ಲು 11 ಔನ್ಸು ತೂಕದ ರೊಟ್ಟಿಯ ಬೆಲೆ ಒಂದು ಷಿಲಿಂಗಾಗಿದ್ದರೆ ದುಡಿಯುವ ಪ್ರತಿಯೊಬ್ಬ ಬಡವನಿಗೂ ವಾರಕ್ಕೆ 3 ಷಿಲಿಂಗು, ಅವನ ಹೆಂಡತಿಗೂ ಮನೆಯ ಇತರ ಪ್ರತಿಯೊಬ್ಬರಿಗೂ ಒಂದೂವರೆ ಷಿಲಿಂಗು ದೊರೆಯತಕ್ಕುದೆಂದು ಗೊತ್ತುಮಾಡಿದರು. ಅವನ ಕೂಲಿ ಅಷ್ಟಕ್ಕೆ ಸಾಲದೆಹೋದರೆ ಕೊರತೆಯನ್ನು ಗ್ರಾಮದ ಬಡವರ ತೆರಿಗೆಯಿಂದ ತುಂಬಿಕೊಡುವುದು. ರೊಟ್ಟಿಯ ಬೆಲೆ ಏರಿದ ಹಾಗೆಲ್ಲ ಈ ಮೊತ್ತವನ್ನೂ ಏರಿಸುವುದು. ಕಾಂಗ್ಲೆಯವರ ಅರ್ಥದ ಪುರುಷಪರಿವಾಪವೇ ಇದು. ಕೌಟಿಲ್ಯನಲ್ಲಿ ಕೊಡತಕ್ಕವನು ಕೆಲಸ ಮಾಡಿಸಿಕೊಳ್ಳುವ ಯಜಮಾನನೇ ಆಗಿದ್ದನು, ಇಲ್ಲಿ ಯಜಮಾನನು ಬೇರೆ, ತುಂಬಿಕೊಡುವವರು ಬೇರೆ. ಭೇದವಿರುವುದು ಇಲ್ಲಿಯೇ.

ಬೇಸಾಯದ ದೊಡ್ಡ ಯಜಮಾನರು, ಕೊರತೆಯನ್ನು ಊರವರು ತುಂಬುವರೆಂದು ತಿಳಿದು, ಕೂಲಿಯನ್ನು ತಗ್ಗಿಸಿಯೇ ಇಟ್ಟರೆಂಬ ಆಕ್ಷೇಪ ಕಾಲಕ್ರಮದಲ್ಲಿ ಬಲವಾಯಿತು. ಆದರೂ 1834ರಲ್ಲಿ ಹೊಸ ಕಾಯಿದೆಯನ್ನು ಬರೆಯಲು ಕಾರಣರಾದ ನಾಸೋ ಸೀನಿಯರ್, ಎಡ್ವಿನ್ ಚಾಡ್ವಿಕ್ ಮೊದಲಾದವರು ದೋಷವನ್ನು ಯಜಮಾನನ ಜಿಪುಣತನಕ್ಕಿಂತ ಹೆಚ್ಚಾಗಿ ಕೂಲಿಕಾರನ ಆಲಸ್ಯದಲ್ಲಿ ಕಂಡರು. ಧರ್ಮದಿಂದ ಬದುಕುವವನ ಸ್ಥಿತಿಯು ಅತ್ಯಂತ ಕೆಳಗಿನ ಸ್ವತಂತ್ರ ಕೂಲಿಕಾರನ ಸ್ಥಿತಿಗಿಂತಲೂ ಕಡೆಯಾಗಿರಬೇಕೆಂಬುದು ಅವರ ಸೂತ್ರ. ಅದೇ ಕಾಲದಲ್ಲಿ ಲ್ಯಾಂಕಷೈರಿನ ನೂಲಿನ ಗಿರಣಿಗಳಲ್ಲಿ ಕೈಗಳ ಅಭಾವವಿದ್ದು, ದಕ್ಷಿಣದ ಹಳ್ಳಿಗಳಿಂದ ಸಂಸಾರಗಳನ್ನು ಅಲ್ಲಿಗೆ ಸಾಗಿಸುವ ಏರ್ಪಾಡನ್ನೂ ಹೊಸ ಅಧಿಕಾರಿಗಳು ನಡೆಸಿದರೆಂಬುದನ್ನು ಇಲ್ಲಿ ಮರೆಯಲಾಗದು. ಆಳಿನ ಕೊರತೆಯೂ ಧರ್ಮದ ಮೇಲಿನ ಕೋಪವೂ ಹೀಗೆ ಜೊತೆಜೊತೆಯಾಗಿಯೇ ನಡೆಯುವುವು. ಹಳೆಯ ಏರ್ಪಾಡಿನಿಂದ ಕೂಲಿ ತಗ್ಗಿತೆಂಬ ನಂಬಿಕೆಯನ್ನು 1963ರಲ್ಲಿ ಮಾರ್ಕ್ ಬ್ಲೌಗ್ ಎಂಬ ಅರ್ಥಶಾಸ್ತ್ರಜ್ಞನು ಪುನಃ ಪರೀಕ್ಷಿಸಿ, ಕೂಲಿ ಮೊದಲೇ ತಗ್ಗಿದ್ದುದರಿಂದಲೇ ಆ ನೆರವು ಆವಶ್ಯಕವಾಯಿತೆಂದು ವಾದಿಸಿದನು. ಧಾತು ಸಂವತ್ಸರದ ಅಧಿಕಾರಿಗಳಿಗೆ ಮಾತ್ರ 1834ರ ಸೂತ್ರವು ವೇದವಾಕ್ಯಕ್ಕೆ ಸಮಾನವಾಗಿದ್ದಿತು.

1876ರ ಮಳೆಗಳು ತಪ್ಪಿದುವು. ಮದರಾಸಿನ ಗವರ್ನರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನು ಮುಂದಾಲೋಚನೆಯಿಂದ 30,000 ಟನ್ನು ಧಾನ್ಯವನ್ನು ಕೊಂಡಿಟ್ಟನು. ವರ್ತಕರ ವ್ಯವಹಾರದಲ್ಲಿ ಕೈಹಾಕಿದನೆಂದು ವೈಸರಾಯ್ ಲಿಟ್ಟನ್ ಪ್ರಭುವಿನ ಸರ್ಕಾರವು ಅವನನ್ನು ಆಕ್ಷೇಪಿಸಿತು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬಾತನು ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದನು. ಈತನ ಚರಿತ್ರೆ ವಿಚಿತ್ರವಾದುದು. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದೇಶದಿಂದ ಅಕ್ಕಿಯನ್ನು ಧಾರಾಳವಾಗಿ ತರಿಸಿ, ಹಸಿವಿನಿಂದ ಸಾಯುವವರಿಲ್ಲದಂತೆ ಮಾಡಿದವನು ಇವನೇ. ಅದಕ್ಕಾಗಿ ಅವನಿಗೆ ದೊರೆತದ್ದು ದುಂದುಗಾರನೆಂಬ ಅಪಕೀರ್ತಿ. ಮೂರು ವರ್ಷಗಳಾದ ಮೇಲೆ ಅದನ್ನು ತೊಳೆದುಕೊಳ್ಳುವ ಅವಕಾಶ ಒದಗಿತು. ತೊಳೆದುಕೊಂಡದ್ದು ಯಾರ ಪ್ರಾಣದಿಂದ ಎಂಬುದು ಬೇರೆ ಮಾತು.

ಟೆಂಪಲನು ಗೊತ್ತುಮಾಡಿದ ಕೂಲಿ ದಿನಕ್ಕೆ ಗಂಡಾಳಿಗೆ ಒಂದು ರಾತ್ಲು ಧಾನ್ಯದ ಬೆಲೆ, ಅದರ ಮೇಲೆ ಅರ್ಧಾಣೆ. ಭಕ್ತವೂ ವೇತನವೂ ಎರಡೂ ಇದ್ದುವು, ಆದರೆ ಎಷ್ಟು! ಒಂದು ರಾತ್ಲೆಂದರೆ ಸುಮಾರು 39 ತೊಲ. 80 ತೊಲದ ಸೇರಿನ ಲೆಕ್ಕದಲ್ಲಿ ಅರ್ಧ ಸೇರಿಗೂ ಕಡಮೆ. ಮಣ್ಣು ಅಗೆಯುವ, ಕಲ್ಲು ಒಡೆಯುವ ಗಂಡಾಳು ಅರ್ಧ ಸೇರು ಕಾಳಿನಲ್ಲಿ ದಿನ ಕಳೆಯಬೇಕು. ಅರ್ಧಾಣೆಯಲ್ಲಿ ಉಪ್ಪು, ಮೆಣಸಿನಕಾಯಿ, ಬೇಳೆ, ಸೌದೆ ಎಲ್ಲವೂ ಒದಗಬೇಕು. ಇಷ್ಟನ್ನು ಪಡೆಯುವುದಕ್ಕೂ ಪರೀಕ್ಷೆಗಳಿದ್ದುವು: ಕಾಮಗಾರಿಯು ಊರಿಗೆ ದೂರವಾಗಿರಬೇಕು, ಗೊತ್ತುಮಾಡಿದ ಕೆಲಸವು ತೀರಬೇಕು. ನಿಜವಾಗಿ ಹಸಿದವನು ಮಾತ್ರ ಇವೆಲ್ಲವನ್ನು ಸಹಿಸಿ ಬರುವನು, ಸೋಮಾರಿಯು ಬಾರನು ಎಂಬುದು ತರ್ಕ. ಹಸಿದವನೇ ಅಷ್ಟು ದೂರ ನಡೆಯಲಾರನೆಂಬುದು ತಾರ್ಕಿಕರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ.

ಮದರಾಸಿನ ಆರೋಗ್ಯ ಕಮಿಷನರಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬಾತನು ಇದನ್ನು ತೀವ್ರವಾಗಿ ವಿರೋಧಿಸಿದನು. ಸೆರೆಮನೆಯಲ್ಲಿ ಕಳ್ಳನಿಗೆ ದೊರೆಯುವ ಆಹಾರಕ್ಕಿಂತಲೂ ಇದು ಕಡಮೆ. ದುಡಿಯುವ ದೇಹಕ್ಕೆ ಒಂದೂವರೆ ರಾತ್ಲಾದರೂ ಬೇಕು, ಬೇಳೆಯೂ ಬೇಕು ಎಂಬುದು ಅವನ ಪಕ್ಷ. ಅವನ ವಾದಕ್ಕೆ ಆಧಾರವು ಗ್ರಂಥಗಳಲ್ಲ, ಶಿಬಿರಗಳಲ್ಲಿ ಅವನು ಕಣ್ಣಾರೆ ಕಂಡ ಎಲುಬುಗೂಡುಗಳು. ಮದರಾಸಿನವರು ಅದೇ ವರ್ಷದ ಮೇ ತಿಂಗಳಲ್ಲಿ ಕೂಲಿಯನ್ನು ಏರಿಸಿದರು. ಆ ವೇಳೆಗೆ ನಾಲ್ಕು ತಿಂಗಳುಗಳು ಕಳೆದಿದ್ದುವು.

ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುವು. ಆ ಆಧಿಪತ್ಯದಲ್ಲಿಯೂ ಕೂಲಿಯನ್ನು ಇಳಿಸಿದಾಗ ಜನರು ಸಹಸ್ರಗಟ್ಟಲೆಯಾಗಿ ಕಾಮಗಾರಿಗಳನ್ನು ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆಯವರು ಅವರ ಪರವಾಗಿ ಸರ್ಕಾರಕ್ಕೆ ಬರೆದರು. ಅಧಿಕಾರಿಗಳಲ್ಲಿ ಅನೇಕರು ಇದನ್ನು ಓದಿಕೊಂಡ ಬಗೆ ಗಮನಾರ್ಹ: ಬಿಟ್ಟುಹೋಗುವಷ್ಟು ಶಕ್ತಿಯಿದ್ದವರಿಗೆ ನೆರವು ಬೇಕಿರಲಿಲ್ಲವೆಂದೇ ಇದರಿಂದ ಸಿದ್ಧವಾಯಿತಂತೆ! ಕೂಲಿಗೆ ಬಂದರೆ ನೆರವಿನ ಲೋಭ, ಬಿಟ್ಟುಹೋದರೆ ನೆರವಿನ ಅನಾವಶ್ಯಕತೆ. ಇಂತಹ ಹೇತುವನ್ನು ನೈಯಾಯಿಕರು ಹೇತ್ವಾಭಾಸವೆನ್ನುವರು. ಪಕ್ಷವನ್ನೂ ವಿಪಕ್ಷವನ್ನೂ ಒಂದೇ ಸಾಧನದಿಂದ ಸಾಧಿಸಹೊರಟ ಮಾತು ಯಾವುದನ್ನೂ ಸಾಧಿಸಲಾರದು.

ಮೈಸೂರು ಸಂಸ್ಥಾನವು ಆಗ್ಗೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. ಇಲ್ಲಿ ತೊಡಕು ಬೇರೆ ಬಗೆಯದು. ಗಂಜಿಯ ಛತ್ರಗಳಲ್ಲಿ ಉಣ್ಣುವವರು ಬಹಳ, ಕಾಮಗಾರಿಗಳಿಗೆ ಬರುವವರು ಕಡಮೆ. 1877ರ ಸೆಪ್ಟಂಬರಿನಲ್ಲಿ ಲಿಟ್ಟನ್ ಪ್ರಭುವು ಸ್ವತಃ ಬಂದು ನೋಡಿ, ಚಾರ್ಲ್ಸ್ ಎಲಿಯಟ್ ಎಂಬಾತನನ್ನು ಕ್ಷಾಮದ ಕಮಿಷನರಾಗಿ ನೇಮಿಸಿದನು. ಎಲಿಯಟನು ಮೈಕಟ್ಟಿದ್ದವರನ್ನು ಛತ್ರಗಳಿಂದ ಬಿಡಿಸಿ ದೊಡ್ಡ ಕಾಮಗಾರಿಗಳಿಗೆ ಕಳುಹಿಸುವ ಕ್ರಮವನ್ನು ಹಿಡಿದನು. ಬೆಂಗಳೂರಿಂದ ಮೈಸೂರಿಗೆ ಹೋಗುವ ರೈಲುದಾರಿಯ ಮಣ್ಣಿನ ಕೆಲಸ ಆ ಕಾಲದ್ದು; ರೈಲು ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಇಂದು ಆ ದಾರಿಯಲ್ಲಿ ಸಂಚರಿಸುವವರು ಯಾರ ಬುಟ್ಟಿಗಳಿಂದ ಆ ಏರಿ ಎದ್ದಿತೆಂಬುದನ್ನು ಅರಿಯರು. ಎಲಿಯಟನು ದಕ್ಷನೇ ಹೌದು, ಅವನು 1878ರಲ್ಲಿ ಬರೆದ ಮೈಸೂರು ಕ್ಷಾಮದ ವರದಿ ಇಂದಿಗೂ ಈ ವಿಷಯಕ್ಕೆ ಮುಖ್ಯ ಆಧಾರ. ಆದರೆ ಅವನು ಬರುವ ಹೊತ್ತಿಗೆ ಬರವು ತನ್ನ ಪಾಲನ್ನು ಬಹುಮಟ್ಟಿಗೆ ತೆಗೆದುಕೊಂಡಿತ್ತು.

ನೆರವು ಸಿಕ್ಕರೆ ಜನರು ಹೊಲಕ್ಕೆ ಹಿಂದಿರುಗರೆಂಬ ಭಯಕ್ಕೆ ಉತ್ತರವು ಅದೇ ಸೆಪ್ಟಂಬರಿನಲ್ಲಿ ಆಕಾಶದಿಂದ ಬಂದಿತು. ಮಳೆ ಬಿದ್ದಿತು. ದಕ್ಷಿಣದ ಪ್ರಾಂತ್ಯಗಳಲ್ಲೆಲ್ಲ ಆ ತಿಂಗಳಲ್ಲಿ ತುದಿ ಮುಟ್ಟಿದ್ದ ನೆರವಿನವರ ಸಂಖ್ಯೆ ಅನಂತರ ಶೀಘ್ರವಾಗಿ ಇಳಿಯಿತು. ಹೊಲದಲ್ಲಿ ಕೆಲಸವೂ ಅದಕ್ಕೆ ತಕ್ಕ ಕಾಳೂ ಕಾಣಿಸಿದೊಡನೆ, ನಡೆಯಬಲ್ಲವರು ಛತ್ರವನ್ನೂ ಕಾಮಗಾರಿಯನ್ನೂ ಬಿಟ್ಟು ತಮ್ಮ ಊರುಗಳಿಗೆ ನಡೆದರು.

ಹೊಲಕ್ಕೆ ಹಿಂದಿರುಗದಿದ್ದವರ ಲೆಕ್ಕವನ್ನು 1881ರ ಜನಗಣತಿಯಲ್ಲಿ ನೋಡಬೇಕು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಕೋಲಾರ, ತುಮಕೂರು ಮೊದಲಾದ ಬಯಲುಸೀಮೆಯಲ್ಲಿ ನಷ್ಟ ಹೆಚ್ಚು, ಮಲೆನಾಡಿನಲ್ಲಿ ಕಡಮೆ. ಬಳ್ಳಾರಿ ಜಿಲ್ಲೆಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಜನರು ಇಲ್ಲವಾದರು. 1872ರಲ್ಲಿ 8 ಲಕ್ಷಕ್ಕೆ ಮೇಲ್ಪಟ್ಟಿದ್ದ ಕಲಾದಗಿ ಜಿಲ್ಲೆಯವರು 1881ರಲ್ಲಿ ಆರೂವರೆ ಲಕ್ಷವೂ ಇರಲಿಲ್ಲ. ಬರದಲ್ಲಿ ಮೊದಲು ಅಳಿಯುವವರು ನೆಲವಿಲ್ಲದ ಕೂಲಿಯವರು, ಅವರ ಮುದುಕರು, ಅವರ ಮಕ್ಕಳು. ಎಂದರೆ ಇಂದಿನ ಆಳುಗಳೂ ಮುಂದಿನ ಆಳುಗಳೂ. ಧಾನ್ಯವು ನಾಡಿನಲ್ಲಿದ್ದರೂ ಕೂಲಿಯಿಂದ ಅದನ್ನು ಕೊಳ್ಳಲಾಗದವನು ಸಾಯುವನೆಂಬುದನ್ನು 1981ರಲ್ಲಿ ಅಮರ್ತ್ಯ ಸೇನರು ಬೇರೆ ಬರಗಳ ಸಂಬಂಧವಾಗಿ ವಿಸ್ತಾರವಾಗಿ ನಿರೂಪಿಸಿದರು. ನೆರವಿನಿಂದ ಆಳುಗಳು ಇಲ್ಲವಾಗುವರೆಂದು ಅಂಜಿ ಕೂಲಿಯನ್ನು ಇಳಿಸಿದವರು, ಆಳುಗಳನ್ನು ನಿಜವಾಗಿಯೇ ಇಲ್ಲದಂತೆ ಮಾಡಿದರು. 1881ರ ಮಾರ್ಚಿಯಲ್ಲಿ ಸಂಸ್ಥಾನವನ್ನು ಮಹಾರಾಜರಿಗೆ ಹಿಂದಕ್ಕೆ ಒಪ್ಪಿಸಿದಾಗ ಅದರೊಡನೆ 80 ಲಕ್ಷ ರೂಪಾಯಿಗಳ ಸಾಲವೂ ಬಂದಿತು; ದಿವಾನ್ ರಂಗಾಚಾರ್ಲು ಅವರು ಆಳಲು ತೊಡಗಿದ್ದು ದುಡಿಯುವ ಕೈಗಳು ಕಡಮೆಯಾದ ಅಂತಹ ನಾಡನ್ನು. 1891ರ ಗಣತಿಯಲ್ಲಿಯೂ ಸಂಸ್ಥಾನದ ಜನಸಂಖ್ಯೆ 49,43,604 ಮಾತ್ರ. ಇಪ್ಪತ್ತು ವರ್ಷಗಳ ಹಿಂದಿನ ಅಂಕವನ್ನು ಅದು ಇನ್ನೂ ಮುಟ್ಟಿರಲಿಲ್ಲ.

1880ರಲ್ಲಿ ವರದಿಯಿತ್ತ ಕ್ಷಾಮ ಆಯೋಗವು, ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ, ಬ್ರಿಟಿಷ್ ಪ್ರಾಂತ್ಯಗಳಲ್ಲಿ ಸತ್ತವರನ್ನು ಐವತ್ತೆರಡೂವರೆ ಲಕ್ಷವೆಂದು ಎಣಿಸಿ, ದುಡಿಯುವವನ ಕೂಲಿಯು ಅವನ ದೇಹವನ್ನು ಉಳಿಸುವಷ್ಟಾದರೂ ಇರಬೇಕೆಂದು ಒಪ್ಪಿತು. ಇಂಗ್ಲೆಂಡಿನಂತೆ ನೆರವನ್ನು ಬಡವನ ಹಕ್ಕೆಂದು ಎಣಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. ಅದರ ಮೇಲೆ ಕ್ಷಾಮದ ನಿಯಮಾವಳಿಗಳು 1883ರಿಂದ ಸಿದ್ಧವಾದುವು. 1899–1900ರ ಬರ ಕಳೆದ ಮೇಲೆ 1901ರಲ್ಲಿ ಕುಳಿತ ಆಯೋಗವು, ನೆರವು ಅತಿಯಾಯಿತೆಂದು ಆಕ್ಷೇಪಿಸಿ, ಮಾಡಿದ ಕೆಲಸಕ್ಕೆ ತಕ್ಕಂತೆಯೇ ಕೂಲಿಯನ್ನು ಅಳೆಯಬೇಕೆಂದು ವಿಧಿಸಿತು. ಶಾಮಶಾಸ್ತ್ರಿಗಳ ಮುದ್ರಣಕ್ಕೆ ಅದಾಗಲೇ ಎಂಟು ವರ್ಷಗಳಷ್ಟೇ ಉಳಿದಿದ್ದುವು.