42ನೇ ದಿನ ತಾಯಿಯ ಶುಗರ್ ನೋಡುವವರು ಯಾರು?

ಗರ್ಭಿಣಿಗೆ ‘ಶುಗರ್ ಇದೆ’ ಅಂತ ಗೊತ್ತಾದ ಕೂಡಲೇ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೇಳುವ ಸಮಾಧಾನ ಒಂದೇ: ‘ಹೆರಿಗೆ ಆದ ಮೇಲೆ ಹೋಗ್ತದೆ ಬಿಡು.’ ಹೆಚ್ಚಿನವರಿಗೆ ಹೋಗುವುದೂ ನಿಜ. ನನ್ನ ತಕರಾರು ಆ ‘ಬಿಡು’ ಅನ್ನೋ ಪದದ ಮೇಲೆ.

ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ ದೇಹದಲ್ಲಿ ತಯಾರಾಗದಿದ್ದರೆ ಸಕ್ಕರೆ ಏರುತ್ತದೆ. ಮಗು ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು, ಹುಟ್ಟಿದ ಮೇಲೆ ಮಗುವಿನ ಶುಗರ್ ಕುಸಿಯಬಹುದು. ಸಿಹಿ ತಿಂದದ್ದಕ್ಕೆ ಸಿಕ್ಕ ಶಿಕ್ಷೆ ಅಲ್ಲ ಇದು. (ಸೊಸೆಯನ್ನು ಬೈಯುವವರಿಗೆ ಈ ಸಾಲು ಓದಿ ಹೇಳಿ.)

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಪರೀಕ್ಷೆ ಎರಡು ಸಲ: ಮೊದಲ ತಪಾಸಣೆಯಲ್ಲಿ, ಆಮೇಲೆ 24ರಿಂದ 28 ವಾರದೊಳಗೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ನೋಡಿದಾಗ 140 ಅಥವಾ ಹೆಚ್ಚಿದ್ದರೆ ಗರ್ಭಿಣಿ ಮಧುಮೇಹ. ಖಾಲಿ ಹೊಟ್ಟೆ ಬೇಕಿಲ್ಲ. ಚೆನ್ನೈನ ಡಾ. ವಿ. ಶೇಷಯ್ಯ ಪ್ರತಿಪಾದಿಸಿದ ಈ ಸರಳ ವಿಧಾನ, ಚಾರ್ಮಾಡಿ ಕಡೆಯಿಂದ ಬಸ್ ಹಿಡಿದು ಬರುವ ಗರ್ಭಿಣಿಗೆ ದೊಡ್ಡ ಉಪಕಾರ.

ಚಿಕಿತ್ಸೆ ಶುರುವಾಗೋದು ತಟ್ಟೆಯಿಂದ. ಕುಚ್ಚಲಕ್ಕಿ ಗಂಜಿ ಬಿಡಬೇಕಿಲ್ಲ, ಅಳತೆ ಬೇಕು. ಜೊತೆಗೆ ಹುರುಳಿ, ಹೆಸರುಕಾಳು, ಸೊಪ್ಪು, ತಿನ್ನುವವರಿಗೆ ಬಂಗುಡೆ-ಬೂತಾಯಿ. ಮೂರು ಮಿತವಾದ ಊಟ, ನಡುವೆ ಎರಡು-ಮೂರು ಸಲ ಸಣ್ಣ ತಿಂಡಿ. ನಡಿಗೆಯೂ ಬೇಕು. ಆದರೆ ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಪಡೆಯುವ ಹೆಂಗಸಿಗೆ ‘ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ’ ಅನ್ನುವುದು ಕೂಲಿ ಬಿಡಿ ಅಂದಂತೆಯೇ. ಈ ಮಾತು ಯಾವ ಡಯಟ್ ಚಾರ್ಟಿನಲ್ಲೂ ನನಗೆ ಕಂಡಿಲ್ಲ.

ಎರಡು ವಾರ ಹೀಗೆ ಮಾಡಿಯೂ ಊಟವಾದ ಎರಡು ಗಂಟೆಗೆ ಶುಗರ್ 120ರ ಕೆಳಗೆ ಬರದಿದ್ದರೆ ಮೆಟ್‌ಫಾರ್ಮಿನ್ ಇಲ್ಲವೇ ಇನ್ಸುಲಿನ್. ಯಾವುದು, ಎಷ್ಟು ಅಂತ ವೈದ್ಯರೇ ಹೇಳಬೇಕು. ಇನ್ಸುಲಿನ್‌ಗೆ ಹೆದರಬೇಡಿ, ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ.

ಈಗ ಆ ‘ಬಿಡು’ ವಿಷಯ. ಗರ್ಭಿಣಿಯಾಗಿದ್ದಾಗ ಶುಗರ್ ಬಂದವರಿಗೆ ಮುಂದೆ ಟೈಪ್-2 ಮಧುಮೇಹ ಬರುವ ಸಾಧ್ಯತೆ ಬೇರೆ ತಾಯಂದಿರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಅದಕ್ಕೇ ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಈ ಸಲ ಖಾಲಿ ಹೊಟ್ಟೆಯಲ್ಲಿ: ಆಗ 126, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ ಉಳಿದಿದೆ ಅಂತ ಲೆಕ್ಕ. ಆದರೆ ಆ ಹೊತ್ತಿಗೆ ಬಾಣಂತಿ ತವರಲ್ಲಿ. ಗಂಡನ ಮನೆ ಬಂಟ್ವಾಳ, ತವರು ಬೆಳ್ತಂಗಡಿ ಅಂದ್ರೆ ಗರ್ಭಿಣಿಯಾಗಿದ್ದಾಗ ನೋಡಿಕೊಂಡ ಆಶಾ ಒಬ್ಬರು, ಈಗ ಬರುವವರು ಇನ್ನೊಬ್ಬರು. ಮನೆಯಲ್ಲಿ ಬೆಲ್ಲ-ತುಪ್ಪದ ಲೇಹ್ಯ ಬೇರೆ.

ತಮಾಷೆ ನೋಡಿ, ಆಸ್ಪತ್ರೆ ಹೆರಿಗೆಯಾದರೆ ಆಶಾ ಮನೆಗೆ ಬರುವ ಆರು ಭೇಟಿಗಳಲ್ಲಿ ಕೊನೆಯದ್ದು 42ನೇ ದಿನ. ಮಗುವಿನ ಪೆಂಟಾವೇಲೆಂಟ್ ಮೊದಲ ಡೋಸ್ ಕೂಡ ಆರು ವಾರಕ್ಕೇ. ಮೂರೂ ಒಂದೇ ವಾರ! ಮಗುವನ್ನು ಎತ್ತಿಕೊಂಡು ತಾಯಿ ಆರೋಗ್ಯ ಕೇಂದ್ರಕ್ಕೆ ಹೇಗೂ ಬರುತ್ತಾಳೆ. ‘ನಾಳೆ ಏನೂ ತಿನ್ನದೆ ಬನ್ನಿ, ತಾಯಿ ಕಾರ್ಡ್ ತನ್ನಿ’ ಅಂತ ಹಿಂದಿನ ದಿನ ಒಂದು ಫೋನ್ ಸಾಕು. ಲಸಿಕೆಯ ದಿನವೇ ತಾಯಿಯ ಪರೀಕ್ಷೆ ಕಡ್ಡಾಯ ಆಗಲಿ ಅನ್ನುವುದು ನನ್ನ ಬೇಡಿಕೆ. ಜೊತೆಗೆ ಆ ಎರಡು ಗಂಟೆ ಹಾಲು ಕುಡಿಸುತ್ತಾ ಕೂರಲು ಒಂದು ಮರೆ, ಒಂದು ಬೆಂಚು, ಒಂದು ಫ್ಯಾನು.