ಕೋಟಿಯನ್ನು ಬಾಯಲ್ಲೆಣಿಸಿದರೆ

ವನಪರ್ವದ ನಳೋಪಾಖ್ಯಾನವನ್ನು ಓದಿದ ವಾಚಕರಿಗೆ ಋತುಪರ್ಣನ ತಾರೆಯ ಮರವು ನೆನಪಿರಬಹುದು. ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ಹಗಲಿನಲ್ಲಿ ಹೋಗಿ ಮುಟ್ಟಬೇಕೆಂಬ ಆತುರದಲ್ಲಿ ರಥವು ಧಾವಿಸುತ್ತಿರಲು, ರಾಜನು ದಾರಿಯ ಬದಿಯ ಆ ಮರವನ್ನು ನೋಡಿದ ಮಾತ್ರಕ್ಕೆ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2,095 ಕಾಯಿಗಳೂ ಇವೆಯೆಂದು ಬಾಹುಕನ ವೇಷದಲ್ಲಿದ್ದ ನಳನಿಗೆ ಹೇಳುತ್ತಾನೆ. ನಳನು ನಂಬುವುದಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಕೆಡಹಿ, ಎಣಿಸಿಯೇ ತೀರುವೆನೆನ್ನುತ್ತಾನೆ. ಹೊತ್ತು ಮೀರುವುದೆಂದು ರಾಜನು ಎಷ್ಟು ಹೇಳಿದರೂ ಕೇಳುವುದಿಲ್ಲ. ಎಣಿಸಿ ನೋಡಲಾಗಿ ಲೆಕ್ಕವು ಸರಿಯಾಗಿಯೇ ಇರುತ್ತದೆ.

ಈ ಕಥೆಯನ್ನು ಬಾಲ್ಯದಲ್ಲಿ ಕೇಳಿದಾಗ ನಮಗೆ ಸೋಜಿಗವಾಗಿ ತೋರಿದ್ದು ರಾಜನ ವಿದ್ಯೆ. ಈಗ ತೋರುವ ಸೋಜಿಗವು ಬೇರೆ. ಕೋಟಿಯೆಂಬ ಸಂಖ್ಯೆಯನ್ನು ಒಂದೊಂದಾಗಿ ಬಾಯಲ್ಲಿ ಹೇಳುತ್ತ ಎಣಿಸಲು ಮನುಷ್ಯನಿಗೆ ಎಷ್ಟು ಕಾಲ ಹಿಡಿದೀತು? ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವೇ ಅದು?

ಇದನ್ನಳೆಯಲು ತಕ್ಕ ಅಳತೆಗೋಲು ನಮ್ಮ ಜ್ಯೋತಿಷಶಾಸ್ತ್ರದಲ್ಲಿಯೇ ಸಿದ್ಧವಾಗಿದೆ. ಕ್ರಿ. ಶ. 499ರ ಸುಮಾರಿನ ಆರ್ಯಭಟೀಯದ ಕಾಲಕ್ರಿಯಾಪಾದದಲ್ಲಿ ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆಯೆಂದು ಹೇಳಿ, ವಿಘಳಿಗೆಯೆಂದರೆ ಅರುವತ್ತು ಗುರ್ವಕ್ಷರಗಳನ್ನುಚ್ಚರಿಸುವಷ್ಟು ಕಾಲ, ಇಲ್ಲವೆ ಆರು ಉಸಿರುಗಳಷ್ಟು ಕಾಲ ಎಂದು ನಿರ್ಣಯಿಸಿದೆ. ಎಂದರೆ ಕಾಲವನ್ನು ನಾಲಗೆಯಿಂದಲೇ ಅಳೆದಂತಾಯಿತು. ಹಗಲೂ ಇರುಳೂ ಸೇರಿ ಒಂದು ದಿನಕ್ಕೆ 2,16,000 ಗುರ್ವಕ್ಷರಗಳು. ಇಂದಿನ ಗಡಿಯಾರದ ಪ್ರಕಾರ ಒಂದೊಂದಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಎರಡು ಲಘುಗಳು ಒಂದು ಗುರುವಿಗೆ ಸಮವೆಂಬುದನ್ನು ಛಂದಸ್ಸು ಬಲ್ಲ ವಾಚಕರಿಗೆ ಹೇಳಬೇಕಾಗಿಲ್ಲ.

ಇನ್ನು ಎಣಿಕೆಗೆ ತೊಡಗೋಣ. ಒಂದು, ಎರಡು, ಮೂರು ಎನ್ನುವಾಗ ಕೆಲಸವು ಬಹು ಹಗುರವಾಗಿ ತೋರುತ್ತದೆ. ಆ ವೇಗವನ್ನೇ ನಂಬಿ ಲೆಕ್ಕ ಹಾಕಿದವನು ಮೋಸ ಹೋಗುವನು. ಏಕೆಂದರೆ ಕೋಟಿಯೊಳಗಿನ ಸಂಖ್ಯೆಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಹತ್ತು ಲಕ್ಷಕ್ಕೆ ಮೇಲ್ಪಟ್ಟವು. ಹಗುರವಾದ ಹೆಸರುಗಳೆಲ್ಲವೂ ಮೊದಲ ಕೆಲವು ದಿನಗಳಲ್ಲಿಯೇ ತೀರಿಹೋಗುತ್ತವೆ. ನಡುವಿನ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ: ನಲವತ್ತೇಳು ಲಕ್ಷದ ಐವತ್ತೆಂಟು ಸಾವಿರದ ಮುನ್ನೂರ ಅರವತ್ತೆರಡು. ಇದಕ್ಕೆ ಮೂವತ್ತೈದು ಮಾತ್ರೆಗಳು, ಎಂದರೆ ಹದಿನೇಳೂವರೆ ಗುರ್ವಕ್ಷರಗಳು. ಉಸಿರಿಗೆ ಎಡೆಗೊಟ್ಟು ಇಪ್ಪತ್ತೆಂದಿಟ್ಟುಕೊಳ್ಳೋಣ. ನಿದ್ರಾಹಾರಗಳಿಗೆ ಇಪ್ಪತ್ತು ಘಳಿಗೆಗಳನ್ನು ಬಿಟ್ಟು, ಉಳಿದ ನಲವತ್ತು ಘಳಿಗೆಗಳ ಕಾಲ ಎಡೆಬಿಡದೆ ಎಣಿಸಿದರೆ ದಿನಕ್ಕೆ 7,200 ಸಂಖ್ಯೆಗಳಾಗುವುವು. ಈ ಗತಿಯಲ್ಲಿ ಕೋಟಿಯನ್ನು ಮುಟ್ಟಲು 1,389 ದಿನಗಳು ಬೇಕು. ನಾಲ್ಕು ವರ್ಷಕ್ಕೆ ತುಸು ಕಡಮೆ.

ಇದು ಬರಿಯ ಕಾಗದದ ಲೆಕ್ಕವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಕೋಟಿಯ ಹತ್ತನೆಯ ಒಂದು ಪಾಲನ್ನು ಒಬ್ಬನು ನಿಜವಾಗಿಯೂ ಬಾಯಲ್ಲಿ ಎಣಿಸಿದ್ದಾನೆ. ಅಮೆರಿಕದ ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ಪಟ್ಟಣದ ಜೆರೆಮಿ ಹಾರ್ಪರ್ ಎಂಬಾತನು 2007ರಲ್ಲಿ ಧರ್ಮಾರ್ಥವಾಗಿ ಹಣ ಕೂಡಿಸುವುದಕ್ಕೆಂದು ಮನೆಯನ್ನು ಬಿಟ್ಟು ಹೊರಗೆ ಹೋಗದೆ, ದಿನಕ್ಕೆ ಹದಿನಾರು ಗಂಟೆಗಳಂತೆ ಎಣಿಸಿ, 89 ದಿನಗಳಲ್ಲಿ ಹತ್ತು ಲಕ್ಷವನ್ನು ಮುಟ್ಟಿದನು. ಹದಿನಾರು ಗಂಟೆಯೆಂದರೆ ಸರಿಯಾಗಿ ನಮ್ಮ ನಲವತ್ತು ಘಳಿಗೆಗಳೇ. ಆತನಿಗೆ ಸಂಖ್ಯೆಯೊಂದಕ್ಕೆ ಹಿಡಿದದ್ದು ಸುಮಾರು ಐದು ಸೆಕೆಂಡು. ನಮ್ಮ ಲೆಕ್ಕದಲ್ಲಿ ಎಂಟು. ಗುರ್ವಕ್ಷರದ ಗತಿಯು ಪಾರಾಯಣದ ಗತಿಯಾದುದರಿಂದಲೂ, ಹತ್ತು ಲಕ್ಷಕ್ಕೆ ಕೆಳಗಿನ ಹೆಸರುಗಳು ಚಿಕ್ಕವಾದುದರಿಂದಲೂ ಈ ಅಂತರವು ಸಹಜವೇ. ಆತನ ವೇಗವನ್ನೇ ಹಿಡಿದರೂ ಕೋಟಿಗೆ ಎರಡು ವರ್ಷ ಐದು ತಿಂಗಳಾಗುವುದು.

ಕೋಟಿಯ ಪಾಡೇ ಹೀಗಾದರೆ ಮೇಲಿನ ಸ್ಥಾನಗಳ ಗತಿಯೇನು? ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನೆಂದು ನಾವು ಕೊಂಡಾಡುವ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಏಕದಿಂದ ಮೊದಲ್ಗೊಂಡು ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರುಗಳಿವೆ; ಕೊನೆಯದು ಮಹಾಕ್ಷೋಭ, ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳು. ಹೆಸರಿಗೆ ನಾಲ್ಕೇ ಅಕ್ಷರ. ಅರ್ಧ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಸಂಖ್ಯೆಯೊಂದಕ್ಕೆ ಇಪ್ಪತ್ತೇ ಗುರ್ವಕ್ಷರವೆಂದು ಉದಾರವಾಗಿಟ್ಟು, ನಿದ್ರೆಯನ್ನೂ ಬಿಟ್ಟು ಎಣಿಸಿದರೂ, ಅದನ್ನು ಮುಟ್ಟಲು ಪುರಾಣದ ಲೆಕ್ಕದ 432 ಕೋಟಿ ವರ್ಷಗಳ ಕಲ್ಪಗಳು ಸುಮಾರು 58 ಲಕ್ಷ ಕಳೆಯಬೇಕು! ಆಚಾರ್ಯನು ಅಲ್ಲಿಗೆ ಎಣಿಸುತ್ತ ಹೋದವನಲ್ಲ. ಹತ್ತು ಹತ್ತಾಗಿ ಗುಣಿಸುತ್ತ ಇಪ್ಪತ್ತಮೂರು ಹೆಜ್ಜೆಗಳಲ್ಲಿ ಹೋದನು. ಕೋಟಿಗೆ ಮೀರಿದ ಸಂಖ್ಯೆಗಳಲ್ಲಿ ನಮಗಿರುವ ನಂಬಿಕೆಯೆಲ್ಲವೂ ಈ ಗುಣಾಕಾರದ ಮೇಲಿನ ನಂಬಿಕೆಯೇ ಹೊರತು, ಯಾರೋ ಎಣಿಸಿ ನೋಡಿದರೆಂಬುದರಿಂದ ಬಂದುದಲ್ಲ.

ಈಗ ತಾರೆಯ ಮರದ ಬಳಿಗೆ ಹಿಂದಿರುಗೋಣ. ಐದು ಕೋಟಿ ಎಲೆಗಳನ್ನು ನಳನು ಎಣಿಸತೊಡಗಿದ್ದರೆ, ಹಾರ್ಪರನ ವೇಗದಲ್ಲಿ ಹನ್ನೆರಡು ವರ್ಷ, ಆರ್ಯಭಟನ ಅಳತೆಯಲ್ಲಿ ಹತ್ತೊಂಬತ್ತು ವರ್ಷ ದಮಯಂತಿಯು ಕಾಯಬೇಕಾಗುತ್ತಿತ್ತು. ಮೂಲವನ್ನು ತೆರೆದು ನೋಡಿದರೆ ಕವಿಯು ಇದನ್ನು ಅರಿತೇ ಇದ್ದನೆಂದು ನಮಗನ್ನಿಸುತ್ತದೆ. ನಳನು ಎಣಿಸುವೆನೆಂದದ್ದೂ, ಎಣಿಸಿದ್ದೂ ಕಾಯಿಗಳನ್ನು ಮಾತ್ರ. 2,095 ಕಾಯಿಗಳಿಗೆ, ಹೆಸರುಗಳು ಚಿಕ್ಕವಾದುದರಿಂದ, ಒಂದೊಂದಕ್ಕೆ ಹತ್ತು ಗುರ್ವಕ್ಷರ ಸಾಕು. ಒಟ್ಟು ಆರು ಘಳಿಗೆಗಳೊಳಗೆ ಮುಗಿಯುವ ಕೆಲಸ. ರಾಜನು ಚಡಪಡಿಸುವುದಕ್ಕೆ ಸಾಕಷ್ಟಾಯಿತು, ಪ್ರಯಾಣವು ಕೆಡುವಷ್ಟಾಗಲಿಲ್ಲ. ಎಲೆಗಳ ಮಾತನ್ನು ನಳನು ಕೇಳಿದ ಹಾಗೆಯೇ ಒಪ್ಪಿಕೊಂಡು, ಆ ವಿದ್ಯೆಯನ್ನು ತನಗೆ ಕಲಿಸಬೇಕೆಂದು ಬೇಡಿದನು. ಪ್ರತಿಯಾಗಿ ಅಶ್ವಹೃದಯವನ್ನು ಕೊಡಲೊಪ್ಪಿದನು. ರಥವು ಸಂಜೆಯ ಹೊತ್ತಿಗೆ ಕುಂಡಿನಪುರವನ್ನು ಸೇರಿತು.