ವಿದೇಶಿ ವಿದ್ಯಾರ್ಥಿಗಳ ನೆರವು ವ್ಯವಸ್ಥೆ: ಕೋಲಾರ ಮತ್ತು ಕರ್ನಾಟಕ

ವಿದೇಶಿ ವಿದ್ಯಾರ್ಥಿಗಳ ನೆರವು ವ್ಯವಸ್ಥೆ: ಬೇರೆ ದೇಶಗಳಿಂದ ಓದಲು ಬಂದವರಿಗೆ ಪ್ರವೇಶ, ವೀಸಾ, ವಸತಿ, ಹಣಕಾಸು, ಭಾಷೆ, ಸುರಕ್ಷತೆಗಳ ವಿಷಯದಲ್ಲಿ ವಿಶ್ವವಿದ್ಯಾಲಯ ಒದಗಿಸುವ ಮಾರ್ಗದರ್ಶನ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ದೇಶದಲ್ಲಿ 49,348 ವಿದೇಶಿ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದರು. ರಾಜ್ಯಗಳ ಪೈಕಿ ಇದೇ ಮೊದಲ ಸ್ಥಾನ. ದೇಶಗಳ ಲೆಕ್ಕದಲ್ಲಿ ನೇಪಾಳದವರು ಎಲ್ಲರಿಗಿಂತ ಹೆಚ್ಚು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ್, ಸುಡಾನ್ ನಂತರದ ಸಾಲಿನಲ್ಲಿದ್ದವು.

ಕೋಲಾರದ ಸಂಸ್ಥೆಗಳು
ಜಿಲ್ಲೆಯ ಉನ್ನತ ಶಿಕ್ಷಣದ ಕೇಂದ್ರ ಕೋಲಾರ ನಗರಕ್ಕೆ ಹೊಂದಿಕೊಂಡ ಟಮಕ. ಹಿಂದುಳಿದ ವರ್ಗಗಳಿಗಾಗಿ ಸ್ಥಾಪನೆಯಾದ ಶ್ರೀ ದೇವರಾಜ ಅರಸು ಶಿಕ್ಷಣ ಟ್ರಸ್ಟ್ 1986ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 2007ರಲ್ಲಿ ಇದನ್ನು ಒಳಗೊಂಡ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಇದರ ಬೋಧನಾ ಆಸ್ಪತ್ರೆಗೆ ಮಾಜಿ ಕೇಂದ್ರ ಸಚಿವ ಆರ್.ಎಲ್. ಜಾಲಪ್ಪನವರ ಹೆಸರಿದೆ. ಬೆಂಗಳೂರು ವಿಶ್ವವಿದ್ಯಾಲಯ ವಿಭಜನೆಯಾದಾಗ, 2017ರಲ್ಲಿ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಆಡಳಿತ ಕಚೇರಿಯೂ ಟಮಕದಲ್ಲೇ ಆರಂಭವಾಯಿತು. ಬೆಂಗಳೂರಿನ ಉತ್ತರ ಭಾಗದ ಕಾಲೇಜುಗಳೂ ಇದರ ವ್ಯಾಪ್ತಿಗೆ ಬರುವುದರಿಂದ, ನಗರದಲ್ಲಿ ಓದುವ ವಿದ್ಯಾರ್ಥಿಯ ಅಂಕಪಟ್ಟಿಗೆ ಕೋಲಾರದ ಮೊಹರು ಬೀಳುವುದೂ ಉಂಟು.

ಪ್ರವೇಶ
ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ ಪ್ರತಿ ವಿಶ್ವವಿದ್ಯಾಲಯವೂ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ತೆರೆಯಬೇಕೆಂದು ಸೂಚಿಸಿತು. ಮರುವರ್ಷ, ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳಲ್ಲಿ ಮಂಜೂರಾದ ಸೀಟುಗಳ ಮೇಲೆ ಶೇ. 25ರಷ್ಟು ಹೆಚ್ಚುವರಿ ಸೀಟುಗಳನ್ನು ವಿದೇಶಿಯರಿಗೆ ನೀಡಲು ಮಾರ್ಗಸೂಚಿ ಹೊರಡಿಸಿತು. ಹೊರದೇಶದ ಶಾಲಾಂತ್ಯ ಪರೀಕ್ಷೆ ಇಲ್ಲಿನ ಹನ್ನೆರಡನೇ ತರಗತಿಗೆ ಸಮಾನವೆಂದು ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಎಂಬಿಬಿಎಸ್ ಸೇರುವ ವಿದೇಶಿಯರೂ ನೀಟ್ ಬರೆಯಲೇಬೇಕು. 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ವಿದ್ಯಾರ್ಥಿವೇತನ ಕೊಡುತ್ತದೆ. ಎಂಬಿಬಿಎಸ್‌ಗೆ ಅದು ಅನ್ವಯಿಸುವುದಿಲ್ಲ.

ವೀಸಾ ಮತ್ತು ನೋಂದಣಿ
180 ದಿನಗಳಿಗಿಂತ ಹೆಚ್ಚು ಅವಧಿಯ ವಿದ್ಯಾರ್ಥಿ ವೀಸಾ ಹೊಂದಿದವರು ಭಾರತಕ್ಕೆ ಬಂದ 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಈ ಕೆಲಸ ಶಾಂತಿನಗರದಲ್ಲಿರುವ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯದು (ಎಫ್‌ಆರ್‌ಆರ್‌ಒ). ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ನೋಂದಣಾಧಿಕಾರಿ. 2018ರಿಂದ ಅರ್ಜಿಗಳು ಇ-ಎಫ್‌ಆರ್‌ಆರ್‌ಒ ಮೂಲಕ ಆನ್‌ಲೈನ್‌ನಲ್ಲೇ ಹೋಗುತ್ತವೆ. ಕರೆ ಬಂದರೆ ಮಾತ್ರ ಖುದ್ದಾಗಿ ಹಾಜರಾಗಬೇಕು. ನೇಪಾಳ, ಭೂತಾನ್‌ನವರಿಗೆ ವೀಸಾ ಬೇಕಿಲ್ಲ.

ನೋಂದಣಿಯ ಹೊಣೆ ವಿದ್ಯಾರ್ಥಿಯೊಬ್ಬನದೇ ಅಲ್ಲ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು, ಅದು ಹಾಸ್ಟೆಲ್ ಆಗಿರಲಿ, ಪಿ.ಜಿ. ಆಗಿರಲಿ, ಬಾಡಿಗೆ ಮನೆಯಾಗಿರಲಿ, 24 ಗಂಟೆಯೊಳಗೆ ಅವರ ವಿವರವಿರುವ, ಹಿಂದೆ ‘ಸಿ ಫಾರಂ’ ಎನ್ನುತ್ತಿದ್ದ ಫಾರಂ ಸಲ್ಲಿಸಬೇಕು. ವಿದ್ಯಾರ್ಥಿಯ ವಿವರ ಕೊಡುವುದು ಕಾಲೇಜಿನ ಕೆಲಸ. ಮನೆ ಶಾಂತಿನಗರದಲ್ಲಿರಲಿ, ಕೋಲಾರದ ಹಳ್ಳಿ ಕ್ಯಾಲನೂರಿನಲ್ಲಿರಲಿ, ನಿಯಮ ಒಂದೇ. ಬೆಂಗಳೂರಿನ ಮನೆ ಮಾಲೀಕರಿಗೆ ಈ ಫಾರಂ ಕೇಳಿದ ಹೆಸರಾಗಿರಬಹುದು. ಹಳ್ಳಿಯಲ್ಲಿ ಮೊದಲ ಬಾರಿಗೆ ಮನೆ ಕೊಡುವವರಿಗೆ ವಾರ್ಡನ್ ಅಥವಾ ಕಾಲೇಜಿನ ಗುಮಾಸ್ತರೇ ತಿಳಿಸಿ ಹೇಳಬೇಕಾಗುತ್ತದೆ. ಹಳೆಯ ವಿದೇಶಿಯರ ಕಾಯ್ದೆಗಳ ಬದಲಿಗೆ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ವಿದ್ಯಾರ್ಥಿಗಳ ವಿವರ ಕೊಡುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳ ಮೇಲೆ ಹೊರಿಸಿದೆ.

ವಿದ್ಯಾರ್ಥಿ ವೀಸಾದ ಅವಧಿ ಕೋರ್ಸು ಮುಗಿಯುವವರೆಗೆ ಅಥವಾ ಐದು ವರ್ಷ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಹೀಗಾಗಿ ಆಸ್ಪತ್ರೆ ಡ್ಯೂಟಿಯ ನಡುವೆಯೇ ವೀಸಾ ಮುಗಿಯುತ್ತದೆ. ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಈ ವೀಸಾದಲ್ಲಿ ಅರೆಕಾಲಿಕ ಕೆಲಸಕ್ಕೂ ಅವಕಾಶವಿಲ್ಲ. ಕಾಲೇಜು ಬದಲಿಸಲು ಅನುಮತಿ ಬೇಕು.

ಹಣ ಮತ್ತು ವಸತಿ
ಪಾಸ್‌ಪೋರ್ಟ್, ವೀಸಾ ಮತ್ತು ಪ್ರವೇಶ ಪತ್ರ ತೋರಿಸಿ ಬ್ಯಾಂಕಿನಲ್ಲಿ ಎನ್‌ಆರ್‌ಒ (ಅನಿವಾಸಿ ಸಾಮಾನ್ಯ) ಖಾತೆ ತೆರೆಯಬಹುದು. ಸ್ಥಳೀಯ ವಿಳಾಸದ ಪುರಾವೆಯನ್ನು 30 ದಿನಗಳೊಳಗೆ ಕೊಟ್ಟರೆ ಸಾಕು. ಅಲ್ಲಿಯವರೆಗೆ ಹೊರದೇಶದಿಂದ ಬರುವ ಹಣಕ್ಕೆ 1,000 ಡಾಲರ್, ತಿಂಗಳಲ್ಲಿ ತೆಗೆಯುವ ಹಣಕ್ಕೆ 50,000 ರೂಪಾಯಿ ಮಿತಿ. ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬೇಕು. ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಛಾಪಾ ಕಾಗದದ ಮೇಲೆ ಮಾಡುತ್ತಾರೆ. ಈ ಕರಾರುಪತ್ರ ಬ್ಯಾಂಕಿಗೂ ನೋಂದಣಿಗೂ ವಿಳಾಸದ ದಾಖಲೆಯಾಗಿ ಒದಗುವುದರಿಂದ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ವಸತಿಯ ಜೊತೆಗೆ ಕುಡಿಯುವ ನೀರಿನ ಬಗ್ಗೆಯೂ ಗಮನ ಬೇಕು: ಕೋಲಾರದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕೊಳವೆಬಾವಿಯ ನೀರನ್ನು ಹಾಗೇ ಕುಡಿಯದೆ, ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತುಂಬಿಸಿ ತರುವುದು ಊರವರದೇ ರೂಢಿ.

ಭಾಷೆ
ಪಾಠ ಇಂಗ್ಲಿಷಿನಲ್ಲಿ ನಡೆದರೂ ವೈದ್ಯಕೀಯ ವಿದ್ಯಾರ್ಥಿ ಕಾಣುವ ವಾರ್ಡಿನ ರೋಗಿಗಳು ಮಾತಾಡುವುದು ಕನ್ನಡ ಅಥವಾ ತೆಲುಗು. ಆಂಧ್ರದ ಗಡಿಗೆ ತಾಗಿದ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತೆಲುಗಿನ ಬಳಕೆ ಜಾಸ್ತಿ. ‘ಎಲ್ಲಿ ನೋವು?’, ‘ಎಷ್ಟು ದಿನದಿಂದ?’ ಎಂದು ಕೇಳಲು ಬರದ ವಿದ್ಯಾರ್ಥಿ ರೋಗಿಯ ವಿವರ ಬರೆದುಕೊಳ್ಳಲಾರ. 2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ಕಲಿಕೆಯನ್ನು ಸೇರಿಸಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕನ್ನಡೇತರರಿಗೆ ‘ಬಳಕೆ ಕನ್ನಡ’ ಎಂಬ ಪಠ್ಯವಿದೆ.

ಸುರಕ್ಷತೆ ಮತ್ತು ದೂರು
2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ಭಾಗದಲ್ಲಿ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಸ್ಥಳೀಯ ಮಹಿಳೆ ಸತ್ತರು. ಅದರ ಬೆನ್ನಲ್ಲೇ ಸ್ಥಳಕ್ಕೆ ಬಂದ, ಅಪಘಾತಕ್ಕೆ ಸಂಬಂಧವಿಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಪ್ರಕರಣ ಎರಡು ದೇಶಗಳ ನಡುವಿನ ಮಾತುಕತೆಯ ವಿಷಯವಾಯಿತು. ಕಾಲೇಜು, ಪೊಲೀಸ್ ಠಾಣೆ ಮತ್ತು ನೆರೆಹೊರೆಯವರಿಗೆ ವಿದ್ಯಾರ್ಥಿಗಳ ಮುಖಪರಿಚಯ ಇಲ್ಲದಿದ್ದರೆ ಆಗುವ ಅನಾಹುತಕ್ಕೆ ಇದು ನಿದರ್ಶನ. ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ರ‍್ಯಾಗಿಂಗ್ ದೂರಿಗೆ 1800-180-5522, ಮಾನಸಿಕ ಆರೋಗ್ಯದ ಸಲಹೆಗೆ 14416 ಕರೆ ಸಂಖ್ಯೆಗಳಿವೆ.

ವ್ಯಾಸಂಗದ ನಂತರ
ಹೊರಡುವ ಮೊದಲು ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳನ್ನು ದೃಢೀಕರಿಸಿಕೊಳ್ಳಬೇಕು. ಭಾರತ 2005ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದ ಸದಸ್ಯ ರಾಷ್ಟ್ರವಾದ್ದರಿಂದ, ಸದಸ್ಯ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಉಳಿದ ದೇಶಗಳವರು ತಮ್ಮ ರಾಯಭಾರ ಕಚೇರಿಯಿಂದಲೂ ದೃಢೀಕರಣ ಪಡೆಯಬೇಕು. ಊರಿಗೆ ಮರಳಿದ ಮೇಲೆ ದೂರದಿಂದ ಇದನ್ನು ಮಾಡಿಸುವುದು ಕಷ್ಟ. ಅಂತಿಮ ವರ್ಷದಲ್ಲೇ ವಿಶ್ವವಿದ್ಯಾಲಯದ ಕಚೇರಿ ಇದನ್ನು ನೆನಪಿಸಿದರೆ ಓಡಾಟ ತಪ್ಪುತ್ತದೆ.